ಹಂಪಿ ಕನ್ನಡ ವಿಶ್ವವಿದ್ಯಾಲಯದಲ್ಲಿ ಬುಡಕಟ್ಟು ಅಧ್ಯಯನಕ್ಕೇ ಒಂದು ವಿಭಾಗ ಯಾಕೆ ಬಂತು?

ನಮ್ಮ ಚಿತ್ರದುರ್ಗ ಜಿಲ್ಲೆ ನೋಡಿದರೇ ಕಾರಣ ಗೊತ್ತಾಗುತ್ತದೆ. 1991ರಲ್ಲಿ ಈ ವಿಶ್ವವಿದ್ಯಾಲಯ ಶುರುವಾಯಿತು, ಚಂದ್ರಶೇಖರ ಕಂಬಾರರು ಮೊದಲ ಕುಲಪತಿ. ಸುಮ್ನೆ ಪದವಿ ಕೊಡುವುದಕ್ಕಿಂತ ನಾಡು, ನುಡಿ, ಜನರ ಬಗ್ಗೆ ಸಂಶೋಧನೆ ಜಾಸ್ತಿ ಆಗಬೇಕು ಅನ್ನುವುದು ಅದರ ಉದ್ದೇಶ. ಆದರೆ ಬುಡಕಟ್ಟು ಜನರ ಚರಿತ್ರೆ ಪುಸ್ತಕದಲ್ಲಿ ಸಿಗುವುದಿಲ್ಲ, ಹಾಡಿನಲ್ಲಿದೆ. ನಮ್ಮ ಜಿಲ್ಲೆಯ ಪಶುಪಾಲಕ ಸಮುದಾಯ ಕಾಡುಗೊಲ್ಲರು ಗಣೆ ಅನ್ನುವ ಬಿದಿರಿನ ಕೊಳಲು ಊದುತ್ತಾ ತಮ್ಮ ವೀರ ಜುಂಜಪ್ಪನ ಕಥೆಯನ್ನು ಬಾಯಿಪಾಠವಾಗಿಯೇ ಹಾಡಿಕೊಂಡು ಬಂದಿದ್ದಾರೆ, ಇಲ್ಲಿನ ಇನ್ನೊಂದು ಸಮುದಾಯ ಮ್ಯಾಸಬೇಡರಿಗೂ ತಮ್ಮದೇ ವೀರರ ಕಾವ್ಯಗಳಿವೆ, ಹಾಡುವವರು ಹೋದರೆ ಕಾವ್ಯವೂ ಹೋದಂತೆ ಅಲ್ವಾ? ಇಂಥದ್ದನ್ನು ಅವರು ವಾಸಿಸುವ ಹಟ್ಟಿಗೇ ಹೋಗಿ ಕೂತು ಕೇಳಬೇಕು, ರೆಕಾರ್ಡ್ ಮಾಡಬೇಕು, ಆಮೇಲೆ ಸಾಲು ಸಾಲಾಗಿ ಬರೆದಿಡಬೇಕು. ಅದಕ್ಕೇ ಪ್ರತ್ಯೇಕ ವಿಭಾಗ ಬೇಕಾಯಿತು. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಹಾಡುಗಾರ್ತಿ ಸಿರಿಯಜ್ಜಿಗೆ ನಾಡೋಜ ಅನ್ನುವ ಗೌರವ ಪದವಿ ಕೊಟ್ಟಿದ್ದೂ ಇದೇ ವಿಶ್ವವಿದ್ಯಾಲಯ.