ಒಣಗಿದ ಮೇಲೆ ಪೂಕ್ಕೊ ಒರೆ ಸಡಿಲವಾದರೆ

ನಮಸ್ಕಾರ. ಫಿನ್ಲೆಂಡಿನ ಪೂಕ್ಕೊ ಚಾಕುವಿಗೆ ನೀವೇ ಹೊಲಿದ ಒರೆ ಒಣಗಿದ ಮೇಲೆ ಸಡಿಲವಾಗಿದೆ, ತಲೆಕೆಳಗು ಮಾಡಿದರೆ ಚಾಕು ಜಾರಿ ಬೀಳುತ್ತದೆ, ಏನು ಮಾಡಲಿ ಅಂತ ಕೇಳಿದ್ದೀರಿ.

ಮೊದಲು ಚರ್ಮ ಯಾವುದು ಅಂತ ನೋಡಿ. ಜಾಕೆಟ್‌ಗೆ ಬಳಸುವ ಮೆತ್ತನೆಯ ಕ್ರೋಮ್ ಚರ್ಮವಾದರೆ (ಕ್ರೋಮಿಯಂ ಲವಣದಿಂದ ಹದ ಮಾಡಿದ್ದು) ಎಷ್ಟು ನೆನೆಸಿದರೂ ಆಕಾರ ಹಿಡಿಯುವುದಿಲ್ಲ. ತೊಗಟೆಯಿಂದ ಹದ ಮಾಡಿದ, 2ರಿಂದ 3 ಮಿ.ಮೀ. ದಪ್ಪದ ಚರ್ಮವೇ ಬೇಕು.

ಚರ್ಮ ಸರಿಯಿದ್ದರೆ ಹೊಲಿಗೆ ಬಿಚ್ಚುವ ಮುಂಚೆ ಇನ್ನೊಮ್ಮೆ ನೆನೆಸಿ. ಉಗುರುಬೆಚ್ಚಗಿನ ನೀರು ಸಾಕು. ಬಿಸಿ ಜಾಸ್ತಿಯಾದರೆ ಚರ್ಮ ಮುದುಡಿ ಸೆಟೆದುಕೊಳ್ಳುತ್ತದೆ. ಚಾಕುವಿಗೆ ತೆಳು ಪ್ಲಾಸ್ಟಿಕ್ ಹಾಳೆ ಬಿಗಿಯಾಗಿ ಸುತ್ತಿ ಒಳಗಿಡಿ. ಸುತ್ತದಿದ್ದರೆ ಕಾರ್ಬನ್ ಉಕ್ಕು ತುಕ್ಕು ಹಿಡಿಯುತ್ತದೆ, ಚರ್ಮದ ಮೇಲೂ ಕಪ್ಪು ಕಲೆ ಏಳುತ್ತದೆ.

ಪೂಕ್ಕೊ ಹಿಡಿಯ ಬಹುಪಾಲು ಒರೆಯ ಒಳಗೇ ಇರುತ್ತದೆ ಅಲ್ವಾ? ಚಾಕುವನ್ನು ಹಿಡಿದು ನಿಲ್ಲಿಸುವುದು ಅಲ್ಲೇ, ಅಲಗಿನ ಹತ್ತಿರ ಅಲ್ಲ. ಹಿಡಿಯ ಉಬ್ಬು ಮುಗಿದು ಸಣ್ಣಗಾಗುವ ಜಾಗ ಹುಡುಕಿ. ಅಲ್ಲಿ ಚಮಚದ ಬೆನ್ನಿನಿಂದ ಚರ್ಮವನ್ನು ಒತ್ತಿ ಒತ್ತಿ ಕೂರಿಸಿ. ಇಡೀ ಕೆಲಸದಲ್ಲಿ ನನಗೆ ತುಂಬಾ ಇಷ್ಟವಾದ ಹಂತ ಇದು, ಚರ್ಮ ಬೆರಳಿನ ಮಾತು ಕೇಳುತ್ತದೆ. ಆಮೇಲೆ ಚಾಕು ಒಳಗಿರುವ ಹಾಗೇ ನೆರಳಲ್ಲಿ ಒಣಗಿಸಿ.

ಆದರೂ ಸಡಿಲ ಅನಿಸಿದರೆ ಹಿಂಬದಿಯ ಹೊಲಿಗೆ ಬಿಚ್ಚಿ, ಹಳೆಯ ಹೊಲಿಗೆಗಿಂತ 2 ಮಿ.ಮೀ. ಒಳಗೆ ಮೇಣದ ದಾರದಲ್ಲಿ, ಎರಡು ಸೂಜಿ ಹಾಕಿ ಮತ್ತೆ ಹೊಲಿಯಿರಿ.

ಅಲಗಿನ ಭಾಗಕ್ಕೆ ಒಳಗೆ ಮರದ ಪಟ್ಟಿ ಇಟ್ಟಿದ್ದೀರಾ? ಅದಿಲ್ಲದಿದ್ದರೆ ಅಲಗು ಹೊಲಿಗೆಯನ್ನೇ ಕೊಯ್ಯಬಹುದು, ದಯವಿಟ್ಟು ಹಾಕಿ. ಜೇನುಮೇಣ ಹಚ್ಚುವುದು ಪೂರ್ತಿ ಒಣಗಿದ ಮೇಲೆ.