ಓದುಗರ ಪ್ರಶ್ನೆ, ವಿಜ್ಞಾನದ ಉತ್ತರ: ಬಾನುಲಿಯ ಅಲೆ, ಅಂಗಳದ ಬಿಸಿಲು

ಈ ಬಾರಿ ಕಾಸರಗೋಡಿನ ಕಡೆಯಿಂದ ಬಂದ ನಾಲ್ಕು ಪ್ರಶ್ನೆಗಳು ಬೇರೆ ಬೇರೆ ವಿಷಯದವೆಂದು ತೋರಿದರೂ ಒಂದೇ ಮೂಲಕ್ಕೆ ಸೇರಿದವು. ಆದ್ದರಿಂದ ಅವುಗಳನ್ನು ಒಟ್ಟಿಗೆ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ಬೆಳಕು, ರೇಡಿಯೋ ಅಲೆ, ಕ್ಷ-ಕಿರಣ ಎಲ್ಲವೂ ವಿದ್ಯುತ್ಕಾಂತೀಯ ವಿಕಿರಣಗಳೇ ಎಂದು ನಮ್ಮ ಪಾಠದಲ್ಲಿದೆ. ಹಾಗಾದರೆ ಅಜ್ಜ ದಿನವೂ ಕೇಳುವ ಮಂಗಳೂರು ಆಕಾಶವಾಣಿಯ ಅಲೆಯೂ ಬೆಳಕೇ ಆಗಬೇಕಲ್ಲ? ಅದು ಕಣ್ಣಿಗೆ ಏಕೆ ಕಾಣುವುದಿಲ್ಲ?
— ವಿದ್ಯಾರ್ಥಿನಿ, ಬದಿಯಡ್ಕ

ಉತ್ತರ: ನಿಮ್ಮ ತರ್ಕ ಸರಿಯಾಗಿದೆ. ವಿದ್ಯುದಾವೇಶವೊಂದು ಅಲುಗಾಡಿದಾಗ ಅದರ ಸುತ್ತಲಿನ ವಿದ್ಯುತ್ ಕ್ಷೇತ್ರ ಬದಲಾಗುತ್ತದೆ. ಬದಲಾಗುವ ವಿದ್ಯುತ್ ಕ್ಷೇತ್ರ ಕಾಂತಕ್ಷೇತ್ರವನ್ನೂ, ಬದಲಾಗುವ ಕಾಂತಕ್ಷೇತ್ರ ಮರಳಿ ವಿದ್ಯುತ್ ಕ್ಷೇತ್ರವನ್ನೂ ಹುಟ್ಟಿಸುತ್ತಾ, ಗಾಳಿಯ ಹಂಗೂ ನೀರಿನ ಹಂಗೂ ಇಲ್ಲದೆ ಈ ಜೋಡಿ ಮುಂದೆ ಸಾಗುತ್ತದೆ. 1860ರ ದಶಕದಲ್ಲಿ ಮ್ಯಾಕ್ಸ್‌ವೆಲ್ ಇದರ ವೇಗವನ್ನು ಕಾಗದದ ಮೇಲೆ ಲೆಕ್ಕ ಹಾಕಿದಾಗ ಸಿಕ್ಕಿದ್ದು ಬೆಳಕಿನ ವೇಗವೇ, ಅಂದರೆ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್. ಬೆಳಕೂ ಇದೇ ಜಾತಿಯದೆಂದು ಅವರು ಊಹಿಸಿದರು. ಹರ್ಟ್ಸ್ 1887-88ರಲ್ಲಿ ಕಣ್ಣಿಗೆ ಕಾಣದ ಅಂಥ ಅಲೆಗಳನ್ನು ಪ್ರಯೋಗಾಲಯದಲ್ಲೇ ಎಬ್ಬಿಸಿ ತೋರಿಸಿದರು. 1895ರಲ್ಲಿ ಕೋಲ್ಕತ್ತದಲ್ಲಿ ಜಗದೀಶಚಂದ್ರ ಬೋಸರು ಅದೇ ಬಗೆಯ ಅಲೆಗಳಿಂದ ದೂರದ ಗಂಟೆಯೊಂದನ್ನು ಬಾರಿಸಿ ನೆರೆದವರನ್ನು ಬೆರಗುಗೊಳಿಸಿದರು.

ಈ ಅಲೆಗಳಲ್ಲಿರುವ ವ್ಯತ್ಯಾಸ ಉದ್ದದ್ದು. ಮಂಗಳೂರಿನ ಎಫ್‌ಎಂ ಕೇಂದ್ರ 100.3 ಮೆಗಾಹರ್ಟ್ಸ್‌ನಲ್ಲಿ ಪ್ರಸಾರವಾಗುತ್ತದೆ, ಅಂದರೆ ಆ ಅಲೆ ಸೆಕೆಂಡಿಗೆ 10 ಕೋಟಿ 3 ಲಕ್ಷ ಸಲ ಕಂಪಿಸುತ್ತದೆ. ಬೆಳಕಿನ ವೇಗವನ್ನು ಈ ಸಂಖ್ಯೆಯಿಂದ ಭಾಗಿಸಿದರೆ ಒಂದು ಅಲೆಯ ಉದ್ದ ಹೆಚ್ಚುಕಡಿಮೆ 3 ಮೀಟರ್, ಒಂದು ಸಣ್ಣ ಕೋಣೆಯ ಅಗಲ. ಹಸುರು ಬೆಳಕಿನ ಅಲೆಗಳಾದರೆ ಒಂದೇ ಮಿಲಿಮೀಟರಿನೊಳಗೆ ಸುಮಾರು 1,800 ಹಿಡಿಸುತ್ತವೆ. (ಈ ಉದ್ದಕ್ಕೆ ತರಂಗಾಂತರ ಎಂದು ಹೆಸರು. ಪತ್ರಿಕೆಗಳು ‘ತರಂಗಾಂತರ ಹರಾಜು’ ಎಂದು ಬರೆಯುವಾಗ ಹರಾಜಾಗುವುದು ವಾಸ್ತವವಾಗಿ ಕಂಪನದ ಆವರ್ತನಗಳ ಪಟ್ಟಿ. ಪರೀಕ್ಷೆಯಲ್ಲಿ ಇವೆರಡನ್ನು ಕಲಸಬೇಡಿ.)

ಈಗ ಕಣ್ಣಿನ ವಿಷಯ. ವಿಕಿರಣ ತನ್ನ ಶಕ್ತಿಯನ್ನು ಫೋಟಾನ್ ಎಂಬ ಸಣ್ಣ ಸಣ್ಣ ಗಂಟುಗಳಾಗಿ ಕೊಡುತ್ತದೆ, ಅಲೆ ಗಿಡ್ಡವಾದಷ್ಟೂ ಗಂಟು ದೊಡ್ಡದು. ಅಕ್ಷಿಪಟಲದ ಕೋಶಗಳಲ್ಲಿರುವ ಒಂದು ಅಣು ಫೋಟಾನನ್ನು ನುಂಗಿ ತನ್ನ ಆಕಾರವನ್ನು ಬದಲಿಸಿಕೊಂಡಾಗ ಮಾತ್ರ ನಮಗೆ ಬೆಳಕಿನ ಅರಿವಾಗುತ್ತದೆ. ಅದಕ್ಕೆ ಬೇಕಾದಷ್ಟು ಶಕ್ತಿ ಸುಮಾರು 400ರಿಂದ 700 ನ್ಯಾನೋಮೀಟರ್ (ಒಂದು ನ್ಯಾನೋಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದ ಒಂದು ಭಾಗ) ಉದ್ದದ ಅಲೆಗಳಲ್ಲಿದೆ. ರೇಡಿಯೋ ಫೋಟಾನಿನ ಗಂಟು ಅದರ ಹತ್ತು ಲಕ್ಷದ ಒಂದು ಭಾಗಕ್ಕಿಂತಲೂ ಕಿರಿದು. ಅದು ಬಂದು ತಟ್ಟಿದ್ದು ಆ ಅಣುವಿಗೆ ಗೊತ್ತೇ ಆಗುವುದಿಲ್ಲ. ಅಜ್ಜನ ಕಿವಿಗೆ ಬೀಳುವುದೂ ಆ ಅಲೆಯಲ್ಲ, ಅದು ಹೊತ್ತು ತಂದ ಸಂಕೇತದಂತೆ ರೇಡಿಯೋದ ಸ್ಪೀಕರ್ ಎಬ್ಬಿಸಿದ ಗಾಳಿಯ ಅಲೆ.

ಪ್ರಶ್ನೆ: ಚಾಲಿ ಅಡಿಕೆ ಒಣಗಿಸಲು ಮಾಡಿದ ಗೂಡಿಗೆ ಹೊದೆಸಿದ ಮಾಮೂಲಿ ಪ್ಲಾಸ್ಟಿಕ್ ಎರಡು ಬೇಸಗೆಯಲ್ಲಿ ಹಪ್ಪಳದಂತೆ ಪುಡಿಯಾಯಿತು. ನೆರೆಮನೆಯವರ ಯುವಿ ಶೀಟು ಗಟ್ಟಿಯಾಗಿಯೇ ಇದೆ. ತೋಟದ ಕಪ್ಪು ಪೈಪಿಗೂ ಏನೂ ಆಗಿಲ್ಲ. ಇದು ಬಿಸಿಲಿನ ಶಾಖದಿಂದ ಆಗುವುದೇ? ಹಾಗೆಯೇ, ಅಡಿಕೆ ಮರದ ಕಾಂಡಕ್ಕೆ ಸುಣ್ಣ ಬಳಿಯುವುದರಲ್ಲಿ ವಿಜ್ಞಾನವಿದೆಯೇ?
— ಕೃಷಿಕ, ಪೆರ್ಲ

ಉತ್ತರ: ಪ್ಲಾಸ್ಟಿಕ್ಕನ್ನು ಪುಡಿ ಮಾಡಿದ ಮುಖ್ಯ ಅಪರಾಧಿ ಶಾಖವಲ್ಲ, ನೇರಳೆಯ ಆಚೆಗಿನ, ಕಣ್ಣಿಗೆ ಕಾಣದ ನೇರಳಾತೀತ ಕಿರಣ. ‘ಯುವಿ’ ಎನ್ನುವುದು ಅದರ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳು. ಬಿಸಿಲು ಒಂದೇ ವಸ್ತುವಲ್ಲ. ನ್ಯೂಟನ್ ಪಟ್ಟಕದ ಮೂಲಕ ಹಾಯಿಸಿ ಬಿಡಿಸಿದ ಏಳು ಬಣ್ಣಗಳ ರೋಹಿತಕ್ಕೆ ಎರಡು ಕಡೆಯೂ ಬಾಲವಿದೆ. 1800ರಲ್ಲಿ ವಿಲಿಯಂ ಹರ್ಷೆಲ್ ಕೆಂಪಿನ ಆಚೆ, ಏನೂ ಕಾಣದ ಜಾಗದಲ್ಲಿ ಉಷ್ಣಮಾಪಕವಿಟ್ಟಾಗ ಪಾದರಸ ಇನ್ನೂ ಮೇಲೇರಿತು, ಅದು ಅವಕೆಂಪು. ಮರುವರ್ಷ ರಿಟ್ಟರ್ ನೇರಳೆಯ ಆಚೆ ಬೆಳ್ಳಿಯ ಕ್ಲೋರೈಡ್ ಇಟ್ಟಾಗ ಅದು ಉಳಿದೆಡೆಗಿಂತ ಬೇಗ ಕಪ್ಪಾಯಿತು, ಅದು ನೇರಳಾತೀತ. ಒಂದು ತುದಿ ಬಿಸಿ ಮಾಡುತ್ತದೆ, ಇನ್ನೊಂದು ತುದಿ ರಾಸಾಯನಿಕ ಬದಲಾವಣೆ ಮಾಡುತ್ತದೆ ಎಂಬ ಸುಳಿವು ಆಗಲೇ ಸಿಕ್ಕಿತ್ತು.

ಪ್ಲಾಸ್ಟಿಕ್ ಎಂದರೆ ಇಂಗಾಲದ ಪರಮಾಣುಗಳ ಉದ್ದುದ್ದ ಸರಪಣಿ. ಎರಡು ಇಂಗಾಲಗಳ ನಡುವಿನ ಬಂಧವನ್ನು ಕಡಿಯಲು ಸುಮಾರು 3.6 ಎಲೆಕ್ಟ್ರಾನ್‌ವೋಲ್ಟ್ ಶಕ್ತಿ ಬೇಕು (ಅಣು-ಪರಮಾಣುಗಳ ಮಟ್ಟದ ಶಕ್ತಿಯನ್ನು ಅಳೆಯುವ ಪುಟ್ಟ ಮಾನ ಇದು). ಕೆಂಪು ಬೆಳಕಿನ ಫೋಟಾನಿನಲ್ಲಿರುವುದು 2ಕ್ಕಿಂತ ಕಡಿಮೆ. 300 ನ್ಯಾನೋಮೀಟರಿನ ನೇರಳಾತೀತದಲ್ಲಿ 4ಕ್ಕಿಂತ ಹೆಚ್ಚು. ಹಾಗಾಗಿ ಎಷ್ಟು ಕೆಂಪು ಬೆಳಕು ಸುರಿದರೂ ಆಗದ ಕೆಲಸ ಸ್ವಲ್ಪ ನೇರಳಾತೀತದಿಂದ ಆಗುತ್ತದೆ. ಶೀಟಿನಲ್ಲಿ ಸೇರಿಕೊಂಡಿರುವ ಕಲ್ಮಶಗಳು ಮತ್ತು ಉತ್ಕರ್ಷಣೆಗೊಂಡ ತುಣುಕುಗಳು ಈ ಕಿರಣವನ್ನು ಹೀರಿ ಒಡೆಯುತ್ತವೆ, ಆ ಮುರುಕುಗಳ ಜೊತೆ ಗಾಳಿಯ ಆಮ್ಲಜನಕ ಸೇರುತ್ತದೆ, ಒಂದು ಒಡಕು ಮತ್ತೊಂದಕ್ಕೆ ದಾರಿ ಮಾಡುತ್ತದೆ. ಸರಪಣಿಗಳು ತುಂಡಾಗುತ್ತಾ ಹೋದಂತೆ ಶೀಟು ಬಾಗುವ ಗುಣವನ್ನು ಕಳೆದುಕೊಳ್ಳುತ್ತದೆ. ಶಾಖ ಇದನ್ನು ಚುರುಕುಗೊಳಿಸಬಹುದು, ಶುರು ಮಾಡಿದ್ದು ಅದಲ್ಲ.

ಯುವಿ ಶೀಟಿನಲ್ಲಿ ಈ ಕಿರಣವನ್ನು ತಾನೇ ಹೀರಿಕೊಳ್ಳುವ ಅಥವಾ ಹುಟ್ಟಿದ ಮುರುಕುಗಳನ್ನು ಕೂಡಲೇ ಹಿಡಿದು ಸುಮ್ಮನಾಗಿಸುವ ರಾಸಾಯನಿಕಗಳನ್ನು ಬೆರೆಸಿರುತ್ತಾರೆ. ಅವೂ ವರ್ಷಗಳು ಕಳೆದಂತೆ ಖರ್ಚಾಗುತ್ತವೆ, ಆದ್ದರಿಂದ ನೆರೆಮನೆಯ ಶೀಟೂ ಚಿರಂಜೀವಿಯಲ್ಲ. ಕಪ್ಪು ಪೈಪಿನ ಗುಟ್ಟು ಇನ್ನೂ ಸರಳ: ಅದರಲ್ಲಿ ಶೇಕಡಾ 2ರಿಂದ 2.5ರಷ್ಟು ಕಾಡಿಗೆಯಂಥ ಇಂಗಾಲದ ಪುಡಿ ಇರುತ್ತದೆ. ಅದು ಕಿರಣವನ್ನು ಮೇಲ್ಮೈಯಲ್ಲೇ ನುಂಗಿ ಒಳಗೆ ಬಿಡುವುದಿಲ್ಲ. ಪೈಪು ಬಿಸಿಯಾಗುತ್ತದೆ, ಆದರೆ ಒಡೆಯುವುದಿಲ್ಲ. ಶಾಖ ಬೇರೆ, ನೇರಳಾತೀತ ಬೇರೆ ಎನ್ನುವುದಕ್ಕೆ ನಿಮ್ಮ ತೋಟದಲ್ಲೇ ಸಾಕ್ಷಿಯಿದೆ.

ಗೂಡಿನ ಒಳಗೆ ಬಿಸಿ ನಿಲ್ಲುವುದರ ಬಗ್ಗೆ ಒಂದು ಮಾತು. ಬೆಳಕು ಒಳಗೆ ಬರುತ್ತದೆ, ಅವಕೆಂಪು ಹೊರಗೆ ಹೋಗಲಾರದೆ ಸಿಕ್ಕಿಬೀಳುತ್ತದೆ ಎಂದು ಶಾಲೆಯಲ್ಲಿ ಹೇಳುವುದುಂಟು. ತೆಳುವಾದ ಪಾಲಿಥೀನಿನ ಮಟ್ಟಿಗೆ ಇದು ಅಷ್ಟೇನೂ ಸರಿಯಲ್ಲ, ಏಕೆಂದರೆ ಅದು ಅವಕೆಂಪಿನ ಬಹುಪಾಲನ್ನು ಹೊರಗೆ ಬಿಡುತ್ತದೆ. ಬಿಸಿಯಾದ ಗಾಳಿ ಮೇಲೇರಿ ಹೊರಟುಹೋಗದಂತೆ ಶೀಟು ತಡೆಯುವುದೇ ಅಲ್ಲಿ ಮುಖ್ಯ. ಆದರೆ ಅಡಿಕೆಯ ತೇವ ಹೊರಹೋಗಲು ಗಾಳಿಯಾಡುವ ಕಿಂಡಿಯೂ ಬೇಕಾದ್ದರಿಂದ ಎರಡನ್ನೂ ತೂಗಿ ನೋಡಬೇಕಾಗುತ್ತದೆ.

ಸುಣ್ಣದ ವಿಷಯದಲ್ಲಿ ಹಿರಿಯರ ಅನುಭವ ಸರಿ. ತೆಂಕು-ಪಡುವಣ ದಿಕ್ಕಿನ ಇಳಿಬಿಸಿಲು ಎಳೆಯ ಮರದ ಹಸುರು ಕಾಂಡಕ್ಕೆ ನೇರವಾಗಿ ಬಡಿದಾಗ ಆ ಬದಿ ಸುಟ್ಟು ಹಳದಿಯಾಗಿ, ಕೊನೆಗೆ ಬಿರುಕು ಬಿಡುತ್ತದೆ. ಇಲ್ಲಿ ಅಪರಾಧಿ ಹೆಚ್ಚಾಗಿ ಶಾಖವೇ. ಬಿಸಿಲಿನ ಶಕ್ತಿಯಲ್ಲಿ ಹತ್ತಿರಹತ್ತಿರ ಅರ್ಧ ಅವಕೆಂಪು, ಉಳಿದುದರಲ್ಲಿ ಬಹುಪಾಲು ಕಾಣುವ ಬೆಳಕು, ನೇರಳಾತೀತ ಒಂದು ಸಣ್ಣ ಪಾಲು. ಬಿಳಿ ಸುಣ್ಣ ಕಾಣುವ ಬೆಳಕನ್ನೂ ಅದಕ್ಕೆ ತಾಗಿದ ಅವಕೆಂಪನ್ನೂ ಹಿಂದಕ್ಕೆ ಎಸೆಯುತ್ತದೆ. ಸೋಗೆ ಕಟ್ಟಿದರೂ ಆಗುವ ಉಪಕಾರ ಅದೇ, ನೆರಳು.

ಪ್ರಶ್ನೆ: ನಮ್ಮ ಮನೆಯ ಸಮೀಪ ಮೊಬೈಲ್ ಟವರ್ ಬರುತ್ತಿದೆ. ಅದರಿಂದ ವಿಕಿರಣ ಹೊರಡುತ್ತದೆಂದು ಊರವರು ಹೆದರಿದ್ದಾರೆ. ಹೆದರಬೇಕೇ?
— ಗೃಹಿಣಿ, ಕುಂಬಳೆ

ಉತ್ತರ: ವಿಕಿರಣ ಹೊರಡುವುದು ನಿಜ, ಚಿಮಿಣಿ ದೀಪದಿಂದಲೂ ಹೊರಡುತ್ತದೆ. ಆ ಪದವನ್ನು ಕೇಳಿದಾಗ ನಮಗೆ ಅಣುಬಾಂಬು ನೆನಪಾಗುವುದೇ ತೊಂದರೆ. ಕ್ಷ-ಕಿರಣ, ಗಾಮಾ ಕಿರಣಗಳ ಫೋಟಾನು ಅಣುವಿನಿಂದ ಎಲೆಕ್ಟ್ರಾನನ್ನು ಕಿತ್ತು ಜೀವಕೋಶದ ವಂಶವಾಹಿಯನ್ನು ಕೆಡಿಸಬಲ್ಲದು. ಟವರಿನ 1,800 ಮೆಗಾಹರ್ಟ್ಸ್ ಅಲೆಯ ಫೋಟಾನಿನ ಶಕ್ತಿ ಕೆಂಪು ಬೆಳಕಿನದರ ಎರಡು ಲಕ್ಷದ ಒಂದು ಭಾಗದಷ್ಟೂ ಇಲ್ಲ, ಆದ್ದರಿಂದ ಅದಕ್ಕೆ ಆ ಸಾಮರ್ಥ್ಯವಿಲ್ಲ. ಅದು ತೀರಾ ಪ್ರಬಲವಾಗಿದ್ದರೆ ಮೈಯನ್ನು ಬಿಸಿ ಮಾಡಬಹುದು, ಮೈಕ್ರೋವೇವ್ ಒಲೆಯಲ್ಲಿ ಆಗುವುದು ಅದೇ. ಅಂಥ ಪ್ರಮಾಣ ಹತ್ತಿರವೂ ಸುಳಿಯದಂತೆ ಮಿತಿಗಳಿವೆ. ಭಾರತ 2012ರ ಸೆಪ್ಟೆಂಬರಿನಿಂದ ಅಂತರರಾಷ್ಟ್ರೀಯ ಮಿತಿಯ ಹತ್ತನೇ ಒಂದು ಭಾಗವನ್ನು ತನ್ನ ಮಿತಿಯಾಗಿ ಇಟ್ಟುಕೊಂಡಿದೆ.

ಇನ್ನೊಂದು ಬದಿಯನ್ನು ಮುಚ್ಚಿಡಬಾರದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2011ರಲ್ಲಿ ಈ ಅಲೆಗಳನ್ನು ‘ಕ್ಯಾನ್ಸರ್ ತರುವ ಸಾಧ್ಯತೆ ಇರಬಹುದಾದವು’ ಎಂಬ ಗುಂಪಿಗೆ ಸೇರಿಸಿತು. ಆ ಗುಂಪಿನ ಅರ್ಥ ಪುರಾವೆ ಸೀಮಿತವಾಗಿದೆ ಎಂದು, ಸಾಬೀತಾಗಿದೆ ಎಂದಲ್ಲ. ಆ ತೀರ್ಮಾನಕ್ಕೆ ಮುಖ್ಯ ಆಧಾರವಾದ ಅಧ್ಯಯನಗಳೂ ಕಿವಿಗೆ ಹಿಡಿದ ಫೋನಿನ ಕುರಿತಾದವು. ದೂರ ಎರಡು ಪಟ್ಟಾದರೆ ಅಲೆಯ ತೀವ್ರತೆ ನಾಲ್ಕನೇ ಒಂದು ಭಾಗಕ್ಕೆ ಇಳಿಯುವುದರಿಂದ ದೂರದ ಟವರಿಗಿಂತ ಕೆನ್ನೆಗೆ ತಾಗಿದ ಫೋನಿನ ಪಾಲೇ ಸಾಮಾನ್ಯವಾಗಿ ದೊಡ್ಡದು. ಸಿಗ್ನಲ್ ಕಡಿಮೆಯಿದ್ದಲ್ಲಿ ಫೋನು ತನ್ನ ಪ್ರಸಾರವನ್ನು ಇನ್ನೂ ಏರಿಸುತ್ತದೆ. ಟವರ್ ಬೇಡವೆಂದು ಓಡಿಸಿದ ಊರಿನಲ್ಲಿ ತಲೆಯ ಪಕ್ಕದ ವಿಕಿರಣ ಹೆಚ್ಚಾಗುವುದು ಹೀಗೆ.

ಪ್ರಶ್ನೆ: ಟಿವಿ ರಿಮೋಟಿನಿಂದ ಏನು ಹೊರಡುತ್ತದೆ? ಅದು ಹಾಳಾಗಿದೆಯೇ ಎಂದು ಮನೆಯಲ್ಲೇ ತಿಳಿಯಬಹುದೇ?
— ಓದುಗ, ಮಂಜೇಶ್ವರ

ಉತ್ತರ: ಸಾಮಾನ್ಯವಾಗಿ 940 ನ್ಯಾನೋಮೀಟರಿನ ಸುಮಾರಿನ ಅವಕೆಂಪು ಬೆಳಕು. ಕೋಣೆಯನ್ನು ಸ್ವಲ್ಪ ಕತ್ತಲೆ ಮಾಡಿ, ಮೊಬೈಲಿನ ಕ್ಯಾಮೆರಾ ತೆರೆದು, ರಿಮೋಟಿನ ತುದಿಯನ್ನು ಅದರತ್ತ ಹಿಡಿದು ಗುಂಡಿ ಒತ್ತಿ. ಪರದೆಯಲ್ಲಿ ನಸುನೇರಳೆ ಅಥವಾ ಬಿಳಿಯ ಮಿನುಗು ಕಂಡರೆ ರಿಮೋಟು ಸರಿಯಿದೆ. ಹಿಂಬದಿಯ ಕ್ಯಾಮೆರಾಗಳಲ್ಲಿ ಅವಕೆಂಪನ್ನು ತಡೆಯುವ ಪ್ರಬಲ ಸೋಸುಗವಿರುವುದುಂಟು. ಅದರಲ್ಲಿ ಕಾಣದಿದ್ದರೆ ಮುಂಬದಿಯದರಲ್ಲಿ ನೋಡಿ. ಎರಡರಲ್ಲೂ ಕಾಣದಿದ್ದರೆ ಮೊದಲು ಸೆಲ್ ಬದಲಿಸಿ.