ಕೆಂಪು ಮಣ್ಣೆಲ್ಲ ನಿಕ್ಕಲ್ ಅಲ್ಲ

ಮಡಿಕೇರಿ ಹತ್ತಿರದ ನಿಮ್ಮ ಕಾಫಿ ತೋಟದ ಮಣ್ಣು ಇಂಡೋನೇಷ್ಯಾದ ಸುಲವೆಸಿಯ ನಿಕ್ಕಲ್ ಗಣಿಯ ಮಣ್ಣಿನ ಹಾಗೇ ಕೆಂಪಗಿದೆ, ಟೆಸ್ಟ್ ಮಾಡಿಸಬೇಕಾ ಅಂತ ಕೇಳಿದ್ದೀರಿ. ಸುಮ್ನೆ ದುಡ್ಡು ಕಳೆಯಬೇಡಿ ಸರ್. ಆ ಬಣ್ಣ ಕಬ್ಬಿಣದ್ದು. ಮಳೆ ಎರಡೂ ಕಡೆ ಜೋರು, ಅಡಿಯ ಬಂಡೆ ಮಾತ್ರ ಬೇರೆ. ಸುಲವೆಸಿಯಲ್ಲಿ ಪೆರಿಡೊಟೈಟ್ ಅನ್ನೋ, ಮೆಗ್ನೀಸಿಯಂ ಹೆಚ್ಚಿರುವ ಬಂಡೆ. ಅದರಲ್ಲಿ ಮೊದಲೇ ಶೇ. 0.2ರಿಂದ 0.3ರಷ್ಟು ನಿಕ್ಕಲ್ ಇರುತ್ತದೆ. ಲಕ್ಷಾಂತರ ವರ್ಷ ಮಳೆನೀರು ಇಳಿದು ಇಳಿದು ಮೆಗ್ನೀಸಿಯಂ ತೊಳೆದುಹೋಗುತ್ತದೆ. ನಿಕ್ಕಲ್ ಕೆಳಗಿನ ಪದರದಲ್ಲಿ ಕೂಡಿಕೊಂಡು ಶೇ. 1.5, 2ರವರೆಗೂ ಏರುತ್ತದೆ. ನಮ್ಮಲ್ಲಿ ಹೆಚ್ಚಾಗಿ ಇರುವುದು ನೈಸ್, ಚಾರ್ನೊಕೈಟ್ ಅನ್ನೋ ಗಟ್ಟಿ ಶಿಲೆಗಳು, ಅವುಗಳಲ್ಲಿ ನಿಕ್ಕಲ್ ತೀರಾ ಕಡಿಮೆ. ಮೂಲದಲ್ಲೇ ಇಲ್ಲದ್ದು ಮಣ್ಣಿಗೆ ಎಲ್ಲಿಂದ ಬರಬೇಕು, ಅಲ್ವಾ? (ಇದ್ದಿದ್ದರೂ 2018ರ ಭೂಕುಸಿತ ನೋಡಿದ ಮೇಲೆ ಗುಡ್ಡ ಬಗೆಯಿರಿ ಅಂತ ನಾನಂತೂ ಹೇಳುತ್ತಿರಲಿಲ್ಲ.) ಟೆಸ್ಟ್ ಮಾಡಿಸಲೇಬೇಕು ಅಂದರೆ ಪಿಎಚ್ (ಮಣ್ಣಿನ ಹುಳಿತನದ ಅಳತೆ) ನೋಡಿಸಿ, ಸುಣ್ಣ ಎಷ್ಟು ಹಾಕಬೇಕು ಅಂತಾದರೂ ಗೊತ್ತಾಗುತ್ತದೆ.